ಸಂತೆಪೇಟೆಯ ಬೋರ್ಡಿಲ್ಲದ ರಿಪೇರಿ ಅಂಗಡಿ: ಹಳೇ ಮಿಕ್ಸಿ, ಟೋಸ್ಟರ್ ಇಟ್ಟುಕೊಂಡವರಿಗೆ

ಹಳೇ ಸಾಮಾನನ್ನು ಹೊಸದರ ಥರ ಪಳಪಳ ಅನ್ನಿಸಿ ಕೊಡಿ ಅನ್ನುವವರು ಈ ಅಂಗಡಿಗೆ ಹೋಗಬೇಡಿ. ಹಳೆಯದು ಹಳೆಯದಾಗಿಯೇ ಇರಲಿ, ಆದರೆ ಮುಟ್ಟಿದರೆ ಶಾಕ್ ಹೊಡೆಯಬಾರದು ಅನ್ನುವವರು ಖಂಡಿತ ಹೋಗಿ. ಮೈಸೂರಿನ ಸಂತೆಪೇಟೆಯ ಒಂದು ಗಲ್ಲಿಯಲ್ಲಿದೆ. ಬೋರ್ಡಿಲ್ಲ. ಬಾಗಿಲ ಪಕ್ಕದಲ್ಲಿ ಸುಟ್ಟ ಫ್ಯಾನ್ ಮೋಟರುಗಳ ರಾಶಿ ಕಂಡರೆ ಅದೇ. ಯಜಮಾನರನ್ನು ಎಲ್ಲರೂ ಮೇಷ್ಟ್ರು ಅಂತಾರೆ. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಗಿರಾಕಿಗಳಿಗೆ ಮಾತ್ರ ಸಿಕ್ಕಾಪಟ್ಟೆ ಹೇಳುತ್ತಾರೆ.

ನಾನು ಕೂಡಿಡುವುದು ಕರೆಂಟಿನ ಅಡುಗೆ ಸಾಮಾನು ಮಾತ್ರ. ಹಿತ್ತಾಳೆ, ತಾಮ್ರಕ್ಕೆ ಜನ ಮುಗಿಬೀಳುತ್ತಾರೆ. ಅಜ್ಜಿ ಕಾಲದ ಮಿಕ್ಸಿ ಸೀದಾ ಗುಜರಿಗೆ. ನಮ್ಮ ಕಡೆ ಕರೆಂಟು ಬೇಗ ಬಂತು, ಅದು ನಿಜ. ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1908ರಲ್ಲಿ ಮೈಸೂರಿಗೂ ಬಂತು. ಆದರೆ ಆಮೇಲೂ ಬಹಳ ಕಾಲ ಸಾಮಾನ್ಯ ಮನೆಗಳಲ್ಲಿ ಕರೆಂಟು ಅಂದರೆ ಬಲ್ಬು, ಅಷ್ಟೇ. ಒಲೆಗೆ ಸೌದೆ, ಇದ್ದಿಲು, ಸೀಮೆಎಣ್ಣೆ. ಅದಕ್ಕೇ ಆ ಕಾಲದ ಟೋಸ್ಟರೋ ಕಾಯಿಲ್ ಒಲೆಯೋ ಇಲ್ಲಿ ಸಿಗುವುದು ಅಪರೂಪ.

ನನಗೆ ಒಂಟಿಕೊಪ್ಪಲಿನಲ್ಲಿ ಯಾರದೋ ಮನೆ ಖಾಲಿ ಮಾಡುವಾಗ ಒಂದು ಟೋಸ್ಟರ್ ಸಿಕ್ಕಿತು. ಎರಡು ಕಡೆಯೂ ಕೆಳಕ್ಕೆ ತೆರೆಯುವ ಬಾಗಿಲಿನದು. ಒಂದು ಮಗ್ಗುಲು ಸುಟ್ಟ ಮೇಲೆ ಬಾಗಿಲು ತೆರೆದು ಬ್ರೆಡ್ಡನ್ನು ತಿರುಗಿಸಬೇಕು. ಮೇಷ್ಟ್ರು ಮೊದಲು ಕೇಳಿದ್ದು ಇಷ್ಟೇ: "ಮೇಡಂ, ಇದನ್ನ ಶೋಕೇಸಲ್ಲಿ ಇಡ್ತೀರೋ, ಬ್ರೆಡ್ ಸುಡ್ತೀರೋ?" ಆಗೀಗ ಸುಡ್ತೀನಿ ಅಂದೆ. ಕರೆಂಟು ಎಲ್ಲಿ ಸೋರುತ್ತಿದೆ ಅಂತ ನೋಡುವ ಸೀರೀಸ್ ಬೋರ್ಡ್ ಎಳೆದುಕೊಂಡರು. ನೂರು ವಾಟಿನ ಬಲ್ಬು, ಎರಡು ವೈರು. ಒಂದನ್ನು ಟೋಸ್ಟರಿನ ಪಿನ್ನಿಗೆ, ಇನ್ನೊಂದನ್ನು ಅದರ ಮೈಗೆ ಹಿಡಿದರು. ಬಲ್ಬು ಪೂರ್ತಿ ಉರಿಯಿತು. ಉರಿಯಲೇಬಾರದಿತ್ತು. ಅಂದರೆ ಪ್ಲಗ್ ಹಾಕಿದ್ದರೆ ಆ ತಗಡಿನ ಮೈಗೆಲ್ಲ ಕರೆಂಟು. ಎರಡೇ ಪಿನ್ನಿನದು, ಅರ್ಥಿಂಗ್ ಬೇರೆ ಇಲ್ಲ.

ತಪ್ಪು ಎಲ್ಲಿದೆ ಅಂತ ತೋರಿಸಿದರು. ವೈರಿಗೆ ಹತ್ತಿಬಟ್ಟೆಯ ಹೊದಿಕೆ, ನೋಡಲು ಚೆನ್ನಾಗೇ ಇತ್ತು. ಅದನ್ನು ಸರಿಸಿ ಒಳಗಿನ ರಬ್ಬರನ್ನು ಉಗುರಲ್ಲಿ ಒತ್ತಿದರೆ ಹಳೇ ಚಕ್ಕುಲಿ ಥರ ಪುಡಿಪುಡಿ. ಟೋಸ್ಟರಿನ ಒಳಕ್ಕೆ ಹೋಗುವ ಕಡೆ ಬರೀ ತಾಮ್ರ, ತಗಡಿಗೆ ಒರಗಿಕೊಂಡಿದೆ. ಕಾದು ಬ್ರೆಡ್ ಸುಡುವ ಎಲಿಮೆಂಟಿಗೆ ಏನೂ ಆಗಿರಲಿಲ್ಲ. ಮೈಕಾ ಹಾಳೆಗೆ ಸುತ್ತಿದ ನೈಕ್ರೋಮ್ ಪಟ್ಟಿ ಹಾಗೇ ಇತ್ತು. ಅದರಲ್ಲಿ ಹೆಚ್ಚುಕಮ್ಮಿ ನಾಲ್ಕು ಪಾಲು ನಿಕ್ಕಲ್, ಒಂದು ಪಾಲು ಕ್ರೋಮಿಯಂ. ಕಾದಾಗ ಕ್ರೋಮಿಯಂ ಮೇಲೊಂದು ಪದರ ಕಟ್ಟಿಕೊಳ್ಳುತ್ತದೆ, ಗಾಳಿ ಒಳಗಿನ ಲೋಹವನ್ನು ತಿನ್ನಲು ಬಿಡುವುದಿಲ್ಲ. ಅಮೆರಿಕದ ಆಲ್ಬರ್ಟ್ ಮಾರ್ಷ್ ಇದಕ್ಕೆ ಪೇಟೆಂಟ್ ಪಡೆದದ್ದು 1906ರಲ್ಲಿ. ಮನೆಮನೆಗೆ ಟೋಸ್ಟರ್ ಬರಲು ದಾರಿಯಾದದ್ದು ಈ ತಂತಿಯಿಂದಲೇ. ಮೇಷ್ಟ್ರು ಎಲಿಮೆಂಟನ್ನು ಮುಟ್ಟಲಿಲ್ಲ. ಶಾಖ ತಡೆಯುವ ಮೂರು ಕೋರಿನ ವೈರ್ ಹಾಕಿ, ಅರ್ಥ್ ವೈರನ್ನು ಮೈಗೆ ಬೋಲ್ಟ್ ಮಾಡಿ, ಮೂರು ಪಿನ್ನಿನ ಪ್ಲಗ್ ಕೂರಿಸಿದರು. 450 ರೂಪಾಯಿ. ಈ ಕೆಲಸಕ್ಕೆ ಜಾಸ್ತಿ ಅನ್ನಿಸಲಿಲ್ಲ.

ಎರಡನೆಯದು ಅತ್ತೆಯ ಸುಮೀತ್ ಮಿಕ್ಸಿ. ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್, ಹೆಂಡತಿಯ ಬ್ರೌನ್ ಮಿಕ್ಸಿ ಸುಟ್ಟುಹೋದ ಮೇಲೆ, ನಮ್ಮ ಅಡುಗೆ ತಡೆಯುವ ಮಿಕ್ಸಿ ಬೇಕು ಅಂತ 1963ರಲ್ಲಿ ತಂದದ್ದು ಇದು. ಒಣಮೆಣಸಿನಕಾಯಿ, ಕೊಬ್ಬರಿ ಹಾಕಿ ತಿರುವಿದರೆ ಸುಮ್ನೆ ಸೊರಗುವ ಮೋಟರ್ ಇಲ್ಲಿ ನಡೆಯಲ್ಲ ಅಲ್ವಾ? ನಮ್ಮದು ತಿರುಗುತ್ತಿತ್ತು, ಆದರೆ ಒಳಗೆ ಸುತ್ತಲೂ ಕೆಂಪಗೆ ಕಿಡಿ. ಬೇರೆ ಕಡೆ "ಆರ್ಮೇಚರ್ ಹೋಗಿದೆ, ಹೊಸ ಮಿಕ್ಸಿ ತಗೊಳ್ಳಿ" ಅಂದಿದ್ದರು. ಆರ್ಮೇಚರ್ ಅಂದರೆ ಮೋಟರಿನ ತಿರುಗುವ ಭಾಗ. ಇಲ್ಲಿ ಆ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಮೊಟಕಾಗಿದ್ದನ್ನು ತೆಗೆದರು, ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರಿಗೆ ನುಣುಪು ಸ್ಯಾಂಡ್ ಪೇಪರ್ ಹಿಡಿದರು. ಲೋಹ ಉಜ್ಜುವ ಎಮರಿ ಪೇಪರ್ ಹಿಡಿಯಲೇಬಾರದಂತೆ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಆಮೇಲೆ ಹ್ಯಾಕ್ಸಾ ಬ್ಲೇಡಿನ ಚೂರಿನಿಂದ ಒಂದೊಂದೇ ಸಂದನ್ನು ಕೆರೆದರು. ಅದನ್ನು ನಿಂತು ನೋಡಲು ಬಿಟ್ಟಿದ್ದೇ ನನಗೆ ದೊಡ್ಡದು. ಈಗ ಬ್ರಷ್ ಹತ್ತಿರ ಸಣ್ಣ ನೀಲಿ ಕಿಡಿ ಮಾತ್ರ. ಅಷ್ಟು ಇರುವಂಥದ್ದೇ.

ಇಸ್ತ್ರಿ ಪೆಟ್ಟಿಗೆಯೊಂದನ್ನು ವಾಪಸ್ ಕೊಟ್ಟರು. ಮುಚ್ಚಳ ಎತ್ತಿದ್ದೇ ತಡ, ಮತ್ತೆ ಮುಚ್ಚಿಬಿಟ್ಟರು. ಒಳಗೆ ಕಲ್ನಾರಿನ (ಆಸ್ಬೆಸ್ಟಾಸ್) ಹಾಳೆ. ಹಳೆಯದಾದರೆ ಅದು ಪುಡಿಯಾಗುತ್ತದೆ, ಧೂಳು ಶ್ವಾಸಕೋಶಕ್ಕೆ ಹೋದರೆ ಕಷ್ಟ. "ಇದನ್ನ ನಾನು ಬಿಚ್ಚಲ್ಲ, ನೀವೂ ಬಿಚ್ಚಬೇಡಿ. ವೈರ್ ತೆಗೆದು ಬೇರೆ ಇಡಿ, ಯಾರೂ ಪ್ಲಗ್ ಹಾಕಬಾರದು." ದುಡ್ಡು ತಗೊಳ್ಳಲಿಲ್ಲ.

ಇಷ್ಟೆಲ್ಲ ಇದ್ದೂ ಐದು ಸ್ಟಾರ್ ಕೊಡಲಾರೆ, ನಾಲ್ಕು. ಅಂಗಡಿ ಹುಡುಗ ಟೋಸ್ಟರಿನ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಹಿಡಿಯನ್ನು ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿಬಿಟ್ಟ. ಮೇಲಿನ ಹೊಳಪು ಹೋದರೆ ಹೋಯಿತು. ಒಳಗಿನ ಮರದ ಪುಡಿ ಕಾಣಿಸಿಕೊಳ್ಳುತ್ತದೆ, ಯಾವ ಪಾಲಿಷಿಗೂ ಮೊದಲಿನ ಹಾಗೆ ಆಗುವುದಿಲ್ಲ. ಒಣಬಟ್ಟೆಯಲ್ಲಿ ಒರೆಸಿದ್ದರೆ ಸಾಕಿತ್ತು. ಮೇಷ್ಟ್ರು ಬೈದರು, ನಿಜ, ಆದರೆ ಹಿಡಿ ನನ್ನದಲ್ವಾ. ಇನ್ನೊಂದು, ಬಿಚ್ಚಿದ ಹಳೇ ವೈರು, ಪ್ಲಗ್ ಎಲ್ಲ ಕಸಕ್ಕೆ ಹೋಗಿತ್ತು. ಕೂಡಿಡುವವರಿಗೆ ಅದೂ ಬೇಕು. ಕೊಡುವಾಗಲೇ "ಹಳೇ ಪಾರ್ಟು ಕವರಿನಲ್ಲಿ ಹಾಕಿ ಕೊಡಿ" ಅಂತ ಹೇಳಿಬಿಡಿ. ಬಿಲ್ ಇಲ್ಲ, ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಚೀಟಿ. ಹೇಳಿದ ದಿನಕ್ಕೆ ಕೆಲಸ ಆಗುತ್ತದೆ ಅಂತ ನಂಬಬೇಡಿ.

ಹೋಗುವುದಾದರೆ ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ಅಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ. ಅಮೆರಿಕದಿಂದ ಬಂದ ಸಾಮಾನಾದರೆ ತಳದಲ್ಲಿ ಎಷ್ಟು ವೋಲ್ಟ್ ಅಂತ ನೋಡಿ, ಮನೆಯಲ್ಲಿ ಪ್ಲಗ್ ಹಾಕಿ ಪರೀಕ್ಷೆ ಮಾಡಬೇಡಿ. 110, 120 ಅಂತಿದ್ದರೆ ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ಮಿಕ್ಸಿಯನ್ನು ಜಾರ್ ಸಮೇತ ಒಯ್ಯಿರಿ. ಜಾರಿನ ಬುಶ್ (ಬ್ಲೇಡಿನ ದಂಡ ತಿರುಗುವ ಬಳೆ) ಹಿಡಿದುಕೊಂಡಿದ್ದರೆ ಮೋಟರ್ ಎಷ್ಟು ಸರಿ ಮಾಡಿಸಿದರೂ ಮತ್ತೆ ಸುಡುತ್ತದೆ.