ಆಲ್ಫಾ ಕೋರ್ಸ್: ಊಟಕ್ಕೆ ಐದು, ವಿಡಿಯೊಗೆ ಮೂರು

ಆಲ್ಫಾ ಅಂದರೆ ಕ್ರೈಸ್ತ ವಿಶ್ವಾಸವನ್ನು ಹೊಸಬರಿಗೆ ಪರಿಚಯಿಸುವ ಕೋರ್ಸು. ನಮ್ಮ ಚರ್ಚಿನಲ್ಲಿ ನಡೆಸಿ ನೋಡಿ ಐದಕ್ಕೆ ಇಷ್ಟು ಅಂತ ಅಂಕ ಕೊಟ್ಟಿದ್ದೇನೆ. ನಮ್ಮದು ಬೆಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆ. ಹೆಸರು ಹೇಳಲ್ಲ, ಯಾಕಂದ್ರೆ ಮೊದಲು ನಮ್ಮನ್ನೇ ಸ್ವಲ್ಪ ಬೈಕೊಳ್ಳೋದಿದೆ. ಹೊಸಬರು ಬಂದ ದಿನ ಪ್ರಕಟಣೆಯ ಹೊತ್ತಿಗೆ "ಹೊಸದಾಗಿ ಬಂದವರು ದಯವಿಟ್ಟು ಎದ್ದು ನಿಲ್ಲಿ" ಅನ್ನುತ್ತಾರೆ. ಅವರು ನಾಚಿಕೊಂಡು ಏಳುತ್ತಾರೆ. ಇನ್ನೂರು ಜನ ತಿರುಗಿ ನೋಡಿ ಚಪ್ಪಾಳೆ ತಟ್ಟುತ್ತೇವೆ. ಅಲ್ಲಿಗೆ ಸ್ವಾಗತ ಮುಗೀತು. ಆರಾಧನೆ ಮುಗಿದ ಮೇಲೆ ನಾವು ನಾವೇ ಗುಂಪು ಕಟ್ಟಿಕೊಂಡು ಮದುವೆ, ಸೈಟು, ಮೊಮ್ಮಕ್ಕಳ ಮಾತಾಡುತ್ತೇವೆ. ಅವರು ಗೇಟಿನ ಹತ್ತಿರ ಹೆಲ್ಮೆಟ್ ಹಾಕಿಕೊಂಡು ಹೊರಟುಹೋಗುತ್ತಾರೆ.

ಹೋದ ವರ್ಷ ಇದಕ್ಕೆ ಮದ್ದು ಅಂತ ಒಂದು ಆ್ಯಪ್ ತಗೊಂಡೆವು. ತಿಂಗಳಿಗೆ 1,500 ರೂಪಾಯಿ. ಬಾಗಿಲಲ್ಲಿ ಹೊಸಬರ ಫೋನ್ ನಂಬರ್ ಬರೆದುಕೊಂಡರೆ ಮಿಕ್ಕಿದ್ದೆಲ್ಲ ಅದೇ ನೋಡಿಕೊಳ್ಳುತ್ತೆ ಅಂದಿದ್ದರು. ನೋಡಿಕೊಂಡಿತು ಬಿಡಿ. ಮೂವತ್ತು ವರ್ಷದಿಂದ ಒಂದು ಭಾನುವಾರವೂ ತಪ್ಪಿಸದೆ ಆರ್ಗನ್ ನುಡಿಸುವ ನಮ್ಮ ಅಂಕಲ್‌ಗೆ "ಡಿಯರ್ ವಿಸಿಟರ್, ನೀವು ಮತ್ತೆ ಬರಲೇ ಇಲ್ಲ" ಅಂತ ಮೆಸೇಜು ಹೋಯಿತು. ನಾಲ್ಕು ತಿಂಗಳಿಗೆ ನಿಲ್ಲಿಸಿದೆವು.

ಆಮೇಲೆ ಅಯ್ಯನವರು, ಅಂದರೆ ನಮ್ಮ ಪಾದ್ರಿ, ಆಲ್ಫಾ ಕೋರ್ಸ್ ವಿಷಯ ತಂದರು. ನಾನು ಸಭಾ ಸಮಿತಿಯಲ್ಲಿದ್ದೇನೆ, ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು, ಹೊಸ ಖರ್ಚು ಅಂದರೆ ಮೊದಲು ಬೇಡ ಅನ್ನೋದು ಅಭ್ಯಾಸ. ಆದರೆ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನೋಂದಾಯಿಸಿಕೊಂಡರೆ ವಿಡಿಯೊ, ನಡೆಸುವವರಿಗೆ ತರಬೇತಿ ಎಲ್ಲ ಸಿಗುತ್ತೆ. ಖರ್ಚು ಅಂದರೆ ಊಟದ್ದು ಮಾತ್ರ.

ಇದು ಶುರುವಾಗಿದ್ದು 1977ರಲ್ಲಿ, ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಎಂಬ ಆಂಗ್ಲಿಕನ್ ಚರ್ಚಿನಲ್ಲಿ. ಚಾರ್ಲ್ಸ್ ಮಾರ್ನ್‌ಹ್ಯಾಮ್ ಅನ್ನೋ ಪಾದ್ರಿ ತಮ್ಮ ಸಭೆಯವರಿಗೆ ವಿಶ್ವಾಸದ ಮೊದಲ ಪಾಠ ಹೇಳಿಕೊಡೋಕೆ ಮಾಡಿದ್ದು. 1990ರಲ್ಲಿ ನಿಕಿ ಗಂಬೆಲ್ ವಹಿಸಿಕೊಂಡರು. ಪಾದ್ರಿ ಆಗೋ ಮೊದಲು ಅವರು ವಕೀಲರು. ಚರ್ಚಿನ ಕಡೆ ತಲೆ ಹಾಕದವರೂ ಬಂದು ಕೂರುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಕೋರ್ಸನ್ನು ಅವರಿಗೆ ಒಗ್ಗುವ ಹಾಗೆ ಬದಲಾಯಿಸಿದರು. ವಾರಕ್ಕೊಂದು ಸಲ ಸೇರಬೇಕು. ಮೊದಲು ಊಟ, ಆಮೇಲೆ ವಿಡಿಯೊ, ಆಮೇಲೆ ಚಿಕ್ಕ ಗುಂಪಿನಲ್ಲಿ ಮಾತು. ಯೇಸು ಯಾರು, ಪ್ರಾರ್ಥನೆ ಯಾಕೆ ಮಾಡಬೇಕು, ದೇವರು ಈಗಲೂ ಗುಣಪಡಿಸುತ್ತಾನಾ, ಹೀಗೆ ವಾರಕ್ಕೊಂದು ಪ್ರಶ್ನೆ.

ನಾವು ಸುಮಾರು ಎರಡೂವರೆ ತಿಂಗಳು ನಡೆಸಿದೆವು. ಮಂಗಳವಾರ ಸಂಜೆ, ಚರ್ಚಿನ ಹಿಂದಿನ ಹಾಲಿನಲ್ಲಿ. ಬಂದವರು ಹದಿನಾಲ್ಕು ಜನ. ಹೆಚ್ಚಿನವರು ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು. ಬೀದರ್ ಕಡೆಯ ಮೆಥಡಿಸ್ಟ್ ಸಭೆಯವರು, ಗದಗ-ಬೆಟಗೇರಿಯ ಇಬ್ಬರು ನರ್ಸ್ ಹುಡುಗಿಯರು, ಗೆಳತಿಯ ಜೊತೆ ಸುಮ್ನೆ ಬಂದ ಒಬ್ಬಳು.

ನಡೆಸುವವರಿಗೆ ಮುಖ್ಯವಾದ ಪಾಠ ಒಂದೇ: ಬಾಯಿ ಮುಚ್ಚಿಕೊಂಡು ಕೇಳಿ. ಯಾರು ಏನು ಕೇಳಿದರೂ ಸರಿ, ತಿದ್ದಬೇಡಿ, ಉಪದೇಶ ಮಾಡಬೇಡಿ. ಓದುವಾಗ ಸುಲಭ ಅನ್ನಿಸುತ್ತೆ. ನಮ್ಮ ಗುಂಪಿನಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದರು. ಯಾರಾದರೂ "ನನಗೆ ನಂಬಿಕೆ ಬರಲ್ಲ" ಅಂದ ತಕ್ಷಣ ಅವರ ಕೈ ಬೈಬಲಿನ ಜಿಪ್ಪಿಗೆ ಹೋಗುತ್ತಿತ್ತು. ನಾನು ಮೇಜಿನ ಕೆಳಗೆ ಕಾಲಲ್ಲಿ ತಿವಿಯುತ್ತಿದ್ದೆ. ನಾನೇನು ಕಮ್ಮಿ ಅಲ್ಲ. ಬಾಯಿಗೆ ಸೋಂಪು ಹಾಕಿಕೊಂಡು ಕೂರುತ್ತಿದ್ದೆ, ಮಾತು ಹೊರಗೆ ಬರದಿರಲಿ ಅಂತ.

ಎರಡನೇ ವಾರ ಬೀದರಿನ ಹುಡುಗ, ಇಪ್ಪತ್ತೈದರ ಒಳಗಿನವನು, ಚಪಾತಿ ಮುರಿಯುತ್ತಾ ಹೇಳಿದ: "ಆಂಟಿ, ಇಲ್ಲಿಗೆ ಬರ್ಲಿಕ್ಕತ್ತಿ ಮೂರ್ ತಿಂಗಳಾತ್ರಿ. ನನಗಿನ್ನೂ ಸಮಾಧಾನ ಸಿಕ್ಕಿಲ್ಲ."

ಮೇಜು ಸ್ತಬ್ಧ. ಮೇಷ್ಟ್ರು ಕಣ್ಣು ಮುಚ್ಚಿದರು, ಪ್ರಾರ್ಥನೆಗೆ ರೆಡಿ. ನನಗೂ ಕರುಳು ಚುರ್ ಅಂತು, ಪಾಪ ಏನು ಕಷ್ಟವೋ ಅಂತ. "ಏನಾಯ್ತಪ್ಪಾ?" ಅಂದೆ.

"ಅದೇರಿ, ಕರ್ತನ ಭೋಜನದಾಗ ಕೈಯಿಂದ ಕೈಗೆ ಕೊಡ್ತಾರಲ್ರಿ, ಅದು. ನಾ ಕಡೀ ಬೆಂಚಿನಾಗ ಕೂಡ್ತೀನಿ. ಮುಂದಿನ ಬೆಂಚಿನ ತನಕಾ ಬರ್ತದ, ಅಲ್ಲೇ ನಿಂತ್ ಬಿಡ್ತದ."

ಸಿಎಸ್‌ಐ ಅಲ್ಲದವರಿಗೆ ಹೇಳಬೇಕು. ಕರ್ತನ ಭೋಜನ ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. 1947ರಲ್ಲಿ ಬೇರೆ ಬೇರೆ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಆಯಿತು. 1950ರಲ್ಲಿ ಬಂದ ಅದರ ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಸೇರಿತು. ಕೇರಳದ ಸಿರಿಯನ್ ಕ್ರೈಸ್ತರಿಂದ ತಂದದ್ದು. ಒಬ್ಬರ ಬಲಗೈಯನ್ನು ಇನ್ನೊಬ್ಬರು ಎರಡು ಕೈಯಲ್ಲಿ ಹಿಡಿದುಕೊಳ್ಳುವುದು. ಪೀಠದಿಂದ ಹೊರಟು ಬೆಂಚಿನಿಂದ ಬೆಂಚಿಗೆ ಬರುತ್ತೆ. ನಾನು ಹುಟ್ಟಿದಾಗಿನಿಂದ ಮೂರನೇ ಬೆಂಚಿನಲ್ಲಿ ಕೂತವಳು. ತಗೊಂಡು, ಹಿಂದೆ ಕೊಟ್ಟು, ಮುಂದಕ್ಕೆ ತಿರುಗಿಬಿಡುತ್ತೇನೆ. ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಒಂದು ದಿನವೂ ನೋಡಿರಲಿಲ್ಲ.

ಮುಂದಿನ ಕರ್ತನ ಭೋಜನದ ದಿನ ನಾನು ಕಡೆಯ ಬೆಂಚಿನಲ್ಲಿ ಕೂತೆ. ನಿಜವಾಗಿಯೂ ಬರಲಿಲ್ಲ. ಮುಂದೆ ಜನ ಕೂತಿದ್ದ ಬೆಂಚಿಗೂ ನಮಗೂ ನಡುವೆ ಎರಡು ಬೆಂಚು ಖಾಲಿ. ಅಲ್ಲಿದ್ದ ಆಂಟಿ ಹಿಂದೆ ನೋಡಿದರು, ಯಾರೂ ಹತ್ತಿರ ಇಲ್ಲ, ತಿರುಗಿಕೊಂಡರು. ನಾನೇ ಎದ್ದು ಹೋಗಿ ಕೈ ಚಾಚಿ ಇಸ್ಕೊಂಡು ಬಂದು ಹುಡುಗನಿಗೆ ಕೊಟ್ಟೆ. ಇದು ಆಲ್ಫಾದ ಪುಸ್ತಕದಲ್ಲೆಲ್ಲೂ ಇಲ್ಲ. ಆದರೆ ಅನ್ನದ ತಟ್ಟೆ ಮುಂದಿಟ್ಟು, ಬಾಯಿ ಮುಚ್ಚಿಕೊಂಡು ಕೂತಿರದಿದ್ದರೆ ಅವನು ಹೇಳುತ್ತಿದ್ದನಾ? ಅದಕ್ಕೇ ಊಟಕ್ಕೆ ಐದಕ್ಕೆ ಐದು.

ವಿಡಿಯೊಗೆ ಮೂರು. ಚೆನ್ನಾಗಿ ತೆಗೆದಿದ್ದಾರೆ, ಆದರೆ ನಾವು ಹಾಕಿದ್ದು ಇಂಗ್ಲಿಷಿನದು. ನಮ್ಮ ಜನಕ್ಕೆ ಅರ್ಧ ತಲೆಗೆ ಹೋಗಲಿಲ್ಲ. ನಾಲ್ಕನೇ ವಾರದಿಂದ ವಿಡಿಯೊ ಬಿಟ್ಟು ಯುವಜನ ಸಂಘದ ಹುಡುಗಿಯೊಬ್ಬಳು ಅದೇ ವಿಷಯವನ್ನು ಕನ್ನಡದಲ್ಲಿ ಹದಿನೈದು ನಿಮಿಷ ಹೇಳಿದಳು. ಪ್ರಶ್ನೆಗಳು ಅವತ್ತಿನಿಂದ ಜಾಸ್ತಿ ಆದವು.

ಪವಿತ್ರಾತ್ಮನ ಬಗ್ಗೆ ಇರುವ ಪಾಠಗಳಿಗೆ ಎಲ್ಲಾದರೂ ಹೊರಗೆ ಹೋಗಿ ಎರಡು ದಿನ ಉಳಿಯಬೇಕು ಅಂತ ಹೇಳುತ್ತಾರೆ. ನರ್ಸ್‌ಗಳಿಗೆ ರಜೆ ಎಲ್ಲಿ? ಒಂದು ಶನಿವಾರ ಹಾಲಿನಲ್ಲೇ ಮುಗಿಸಿದೆವು. "ಇದು ಪೆಂಟೆಕಾಸ್ಟ್ ತರ ಆಗುತ್ತಾ?" ಅಂತ ನಮ್ಮ ಹಿರಿಯರಿಗೆ ಭಯ, ಆ ಸಭೆಗಳ ಹಾಗೆ ಜೋರಾಗಿ ಕೂಗಿ ಪ್ರಾರ್ಥನೆ ಶುರುವಾದರೆ ಅಂತ. ಇಬ್ಬರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಏನೂ ಆಗಲಿಲ್ಲ. ಮಧ್ಯಾಹ್ನದ ಬಿರಿಯಾನಿಗೆ ಒಳಗೆ ಬಂದರು.

ಲೆಕ್ಕ ಕೇಳುವವರಿಗೆ: ಹದಿನಾಲ್ಕರಲ್ಲಿ ಕೊನೆಯವರೆಗೆ ಇದ್ದವರು ಒಂಬತ್ತು. ಈಗ ತಪ್ಪದೆ ಬರುವವರು ಐದು. ಒಬ್ಬ ನರ್ಸ್ ಗಾಯನ ತಂಡದಲ್ಲಿದ್ದಾಳೆ. ಬೀದರಿನ ಹುಡುಗ ಊರಿನ ಸಭೆಯಿಂದ ವರ್ಗಾವಣೆ ಪತ್ರ ತಂದಿದ್ದಾನೆ. ಊಟದ ಖರ್ಚು ಒಟ್ಟು ಹನ್ನೆರಡು ಸಾವಿರದ ಚಿಲ್ಲರೆ, ಅಡುಗೆ ನಾವೇ ಮಾಡಿದ್ದಕ್ಕೆ. ಆ್ಯಪ್‌ಗೆ ಕೊಟ್ಟ ಆರು ಸಾವಿರ ನೆನಪಾದಾಗಲೆಲ್ಲ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ನೀವು ನಡೆಸೋದಾದರೆ ಮಂಗಳವಾರ ಇಡಬೇಡಿ, ಟ್ರಾಫಿಕ್ಕಿನಲ್ಲಿ ಅರ್ಧ ಜನ ಊಟ ಮುಗಿದ ಮೇಲೆ ಬರುತ್ತಾರೆ. ನಮ್ಮ ಮುಂದಿನ ಬ್ಯಾಚು ಚರ್ಚಿನ ಸುಗ್ಗಿ ಹಬ್ಬ ಆದ ಮೇಲೆ, ಭಾನುವಾರ ಮಧ್ಯಾಹ್ನ. ಎದ್ದು ನಿಲ್ಲಿಸೋದನ್ನು ಬಿಡಿ ಅಂತ ಅಯ್ಯನವರಿಗೆ ಹೇಳಿದ್ದೇನೆ, ನೋಡೋಣ ಅಂದಿದ್ದಾರೆ. ಮೇಷ್ಟ್ರಿಗೆ ಈ ಸಲ ಬಡಿಸುವ ಕೆಲಸ ಕೊಟ್ಟಿದ್ದೇವೆ. ಕೈಯಲ್ಲಿ ಸಾರಿನ ಸೌಟಿದ್ದರೆ ಬೈಬಲ್ ಜಿಪ್ಪು ತೆಗೆಯೋಕಾಗಲ್ಲ, ಅಲ್ವಾ?