ಡ್ರೈವ್ ಕಿತ್ತು ಎಸ್‌ಡಿ ಕಾರ್ಡ್ ಹಾಕಿಸಿದ ನಮ್ಮ ಡಾನ್ಸ್ ಯಂತ್ರದ ಕಥೆ

ಯಂತ್ರದ ಹಳೆಯ ಸಿಡಿ ಡ್ರೈವನ್ನು ಯಾರಿಗೂ ಕೊಡಬೇಡಿ. ಮುಂದೆ ಏನೂ ಓದದಿದ್ದರೂ ಪರವಾಗಿಲ್ಲ, ಇದೊಂದನ್ನು ನೆನಪಿಟ್ಟುಕೊಳ್ಳಿ. ನಾನು ಕೊಟ್ಟೆ. 3,000 ಯೆನ್ ಕಡಿಮೆ ಆಗುತ್ತದೆ ಅನ್ನುವ ಆಸೆಗೆ ಬಿದ್ದು, ನೀಟಾಗಿ ಸುತ್ತಿ, ಪಾರ್ಸೆಲ್ ಖರ್ಚನ್ನೂ ಕೈಯಿಂದಲೇ ಹಾಕಿ ಕಳಿಸಿಕೊಟ್ಟೆ.

ನಾನಿರುವುದು ಜಪಾನಿನ ಕವಾಸಾಕಿಯಲ್ಲಿ. ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಹುಚ್ಚು ಕೆಲಸ ಮಾಡಿದೆವು. ಬಾಗಿಲು ಹಾಕುತ್ತಿದ್ದ ಒಂದು ಗೇಮ್ ಸೆಂಟರಿನಿಂದ ಡಾನ್ಸ್ ಡಾನ್ಸ್ ರೆವಲ್ಯೂಷನ್ ಯಂತ್ರವೊಂದನ್ನು ಕೊಂಡೆವು. ಕಾಲಲ್ಲಿ ಬಾಣದ ಗುರುತು ತುಳಿಯುತ್ತಾ ಕುಣಿಯುವ ಆಟ ಅದು. ಇಲ್ಲಿನ ಮನೆಗಳಲ್ಲಿ ಅದನ್ನು ಇಡುವ ಮಾತೇ ಇಲ್ಲ. ಬಾಗಿಲಲ್ಲಿ ತೂರುವುದಿಲ್ಲ, ತೂರಿದರೂ ಕೆಳಗಿನ ಮನೆಯವರು ಬಿಡುವುದಿಲ್ಲ. ಹಾಗಾಗಿ ಚಿಬಾ ಕಡೆ ಒಂದು ಪುಟ್ಟ ಗೋದಾಮು ಬಾಡಿಗೆಗೆ ಹಿಡಿದೆವು. ನಾಲ್ವರಲ್ಲಿ ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿಯುವವನು ನಾನೊಬ್ಬನೇ. ಅಲ್ಲಿಗೆ ಯಂತ್ರದ ಯೋಗಕ್ಷೇಮವೂ ನನ್ನ ತಲೆಗೇ ಬಂತು.

ಯಂತ್ರದ ಒಳಗಿರುವುದು ಕೊನಾಮಿಯ ಸಿಸ್ಟಮ್ 573 ಅನ್ನುವ ಬೋರ್ಡ್. ಜಪಾನೀಸಿನಲ್ಲಿ 5ಕ್ಕೆ ಗೋ, 7ಕ್ಕೆ ನಾನಾ, 3ಕ್ಕೆ ಮಿ. ಸ್ವಲ್ಪ ಎಳೆದು ಹೇಳಿದರೆ 'ಕೊ-ನಾ-ಮಿ' ಆಗುತ್ತದೆ. ಕಂಪನಿಯ ಹೆಸರನ್ನೇ ನಂಬರ್ ಮಾಡಿ ಅಂಟಿಸಿದ್ದಾರೆ. ಒಳಗೆ ಹೆಚ್ಚುಕಡಿಮೆ ಮೊದಲನೇ ಪ್ಲೇಸ್ಟೇಷನ್ನಿನ ಕರುಳೇ ಇದೆ. ಜೊತೆಗೆ ಆಟವನ್ನು ಇನ್‌ಸ್ಟಾಲ್ ಮಾಡಿಡುವ 16 ಎಂಬಿ ಫ್ಲ್ಯಾಶ್ ಮೆಮೊರಿ, ಆಟದ ಬೀಗದ ಕೈಯಂತಿರುವ ಒಂದು ಸೆಕ್ಯುರಿಟಿ ಕ್ಯಾಸೆಟ್, ಮತ್ತೆ ಕಂಪ್ಯೂಟರಿನಲ್ಲಿ ಇರುತ್ತಿದ್ದಂಥದ್ದೇ 40 ಪಿನ್ನಿನ ಸಿಡಿ ಡ್ರೈವ್. ನಮ್ಮದರಲ್ಲಿ ಇದ್ದದ್ದು 1999ರ ಸೆಕೆಂಡ್ ಮಿಕ್ಸ್ ಆಟ.

ಇಷ್ಟು ವಯಸ್ಸಾದ ಡ್ರೈವ್ ಅಂದರೆ ಗೊತ್ತಲ್ವಾ. ಗೇಮ್ ಸೆಂಟರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತಿರುಗಿ ತಿರುಗಿ ಲೇಸರ್ ಸೋತಿರುತ್ತದೆ, ಗ್ರೀಸ್ ಒಣಗಿರುತ್ತದೆ. ನಮ್ಮದು ಚಳಿಗಾಲದಲ್ಲಿ ಡಿಸ್ಕ್ ಓದಲು ಹಟ ಮಾಡುತ್ತಿತ್ತು. ನಾಲ್ಕೈದು ಸಲ ಆನ್-ಆಫ್ ಮಾಡಿದರೆ ಒಮ್ಮೆ ಏಳುತ್ತಿತ್ತು. ಲೆನ್ಸ್ ಒರೆಸಿ, ಹಳಿಗೆ ಹೊಸ ಗ್ರೀಸ್ ಹಾಕಿದ್ದರೆ ಇನ್ನೂ ಒಂದೆರಡು ವರ್ಷ ಓಡುತ್ತಿತ್ತೋ ಏನೋ. ಆದರೆ ಅಷ್ಟರಲ್ಲಿ ನನ್ನ ತಲೆಗೆ ಎಸ್‌ಡಿ ಕಾರ್ಡಿನ ಹುಳ ಹೊಕ್ಕಿತ್ತು.

ಹುಳ ಬಿಟ್ಟದ್ದು ಒಂದು ವಿಡಿಯೊ. ಅದರಲ್ಲಿ ಒಬ್ಬಾತ ಸೆಗಾ ಕಂಪನಿಯ ನವೋಮಿ ಅನ್ನುವ ಆಟದ ಬೋರ್ಡಿನಿಂದ ಜಿಡಿ-ರಾಮ್ ಅನ್ನುವ ಡಿಸ್ಕ್ ಡ್ರೈವ್ ಕಿತ್ತು, ಮೆಮೊರಿ ಕಾರ್ಡ್ ಹಾಕಿ, ಹತ್ತು ನಿಮಿಷದಲ್ಲಿ ಆಟ ಓಡಿಸುತ್ತಾನೆ. ಆಹಾ, ಎಷ್ಟು ಸುಲಭ ಅನ್ನಿಸಿತು. ಅಲ್ಲೇ ನಾನು ಎಡವಿದ್ದು. ನವೋಮಿಯಲ್ಲಿ ಯಂತ್ರ ಆನ್ ಆದ ಕೂಡಲೇ ಇಡೀ ಆಟವನ್ನು ಡಿಸ್ಕಿನಿಂದ ಡಿಮ್ ಅನ್ನುವ ಮೆಮೊರಿ ಬೋರ್ಡಿಗೆ ಎಳೆದುಕೊಳ್ಳುತ್ತಾರೆ. ಆಮೇಲೆ ಡ್ರೈವಿಗೆ ಏನೂ ಕೆಲಸವಿಲ್ಲ. ಹಾಡು, ಚಿತ್ರ ಎಲ್ಲ ಮೆಮೊರಿಯಿಂದಲೇ. ಡಿಸ್ಕ್ ಇದ್ದರೇನು, ಕಾರ್ಡ್ ಇದ್ದರೇನು? ನಮ್ಮ 573ರ ಕಥೆ ಹಾಗಲ್ಲ. ಅದು ಗೊತ್ತಾಗುವ ಹೊತ್ತಿಗೆ ದುಡ್ಡು ಹೋಗಿತ್ತು.

ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಸಿಕ್ಕಿದ. ಹೆಸರು ಬೇಡ. '573ಗೆ ಎಸ್‌ಡಿ ಕಿಟ್, ಹಾಕಿದರೆ ಸಾಕು' ಅಂತ ಹಾಕಿದ್ದ. ಬೆಲೆ 18,000 ಯೆನ್. ಹಳೆಯ ಡ್ರೈವ್ ಕಳಿಸಿದರೆ 15,000. ಆ ಕೆಟ್ಟ ಡ್ರೈವ್ ಇವನಿಗ್ಯಾಕೆ ಅನ್ನುವ ಪ್ರಶ್ನೆ ನನಗೆ ಆಗ ಹೊಳೆಯಲೇ ಇಲ್ಲ. 573 ಯಾವುದೋ ಒಂದು ಸಿಡಿ ಡ್ರೈವ್ ಕೊಟ್ಟರೆ ಒಪ್ಪುವುದಿಲ್ಲ. ಮತ್ಸುಶಿತಾ ಕಂಪನಿಯ ಸಿಆರ್-583, ಸಿಆರ್-589ರಂಥ ಕೆಲವೇ ಮಾಡೆಲ್‌ಗಳ ಜೊತೆ ಹೊಂದಿಕೊಳ್ಳುತ್ತದೆ. ಅಂದರೆ ಆ ವ್ಯವಹಾರದಲ್ಲಿ ಬೆಲೆಬಾಳುವ ಮಾಲು ನನ್ನ ಕಡೆ ಇತ್ತು. ಮೂರು ತಿಂಗಳಾದ ಮೇಲೆ ಅದೇ ಡ್ರೈವ್ 'ಪರೀಕ್ಷಿಸಲಾಗಿದೆ' ಅನ್ನುವ ಮಾತಿನ ಜೊತೆ 22,000 ಯೆನ್ನಿಗೆ ಮಾರಾಟಕ್ಕೆ ಇತ್ತು. ನನ್ನದೇ ಅಂತ ಹೇಗೆ ಗೊತ್ತು ಅಂತೀರಾ? ಟ್ರೇ ಮೂಲೆಯಲ್ಲಿ ನನ್ನ ಮಗಳ ನೇಲ್ ಪಾಲಿಶ್ ಚುಕ್ಕಿ ಇತ್ತು. ಯಾವ ಡ್ರೈವ್ ಯಾವುದು ಅಂತ ಗುರುತಿಗೆ ನಾನೇ ಇಟ್ಟದ್ದು.

ಕಿಟ್ ಬಂತು. ಬಿಚ್ಚಿದರೆ ಒಂದು ಹಸಿರು ಬೋರ್ಡ್, ಒಂದು ಕಾರ್ಡ್, ಒಂದು ಕವಲು ಪವರ್ ಕೇಬಲ್. ಕಾರ್ಡಿನ ಮೇಲೆ 64 ಜಿಬಿ ಅಂತ ಅಚ್ಚಾಗಿತ್ತು. ಒಂದು ಸಿಡಿಯಲ್ಲಿ ಹಿಡಿಯುವುದೇ 700 ಎಂಬಿ, ಇಷ್ಟೆಲ್ಲ ಯಾಕೆ ಅಂದುಕೊಂಡೆ. ಅದರಲ್ಲಿ ನೂರಾರು ಆಟ ತುಂಬಿಸಿಟ್ಟಿದ್ದ. ಕದ್ದ ಮಾಲು ಅನ್ನುವುದು ಒಂದು ಕಡೆ ಇರಲಿ, ಸೆಕ್ಯುರಿಟಿ ಕ್ಯಾಸೆಟ್ ಇಲ್ಲದೆ ಅವು 573ರಲ್ಲಿ ಏಳುವುದೂ ಇಲ್ಲ. ಸುಮ್ನೆ ಸಂಖ್ಯೆ ತೋರಿಸಲು ತುಂಬಿದ್ದು.

ಪವರ್ ಕೇಬಲ್ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದೆ. ಇದು ನನ್ನ ಹಳೆ ಅಭ್ಯಾಸ, ನಮ್ಮ ಕಾಲೇಜಿನ ಲ್ಯಾಬ್ ಅಸಿಸ್ಟೆಂಟ್ ಬೈದು ಬೈದು ಕಲಿಸಿದ್ದು. ನಾಲ್ಕು ಪಿನ್ನಿನ ಆ ಪ್ಲಗ್ಗಿನಲ್ಲಿ ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವೆ ಎರಡು ಕಪ್ಪು. ಕೇಬಲ್ಲಿನ ಒಂದು ಕವಲಿನಲ್ಲಿ ಕೆಂಪು ಬರಬೇಕಾದ ಕಡೆ 12 ವೋಲ್ಟ್ ಕುಳಿತಿತ್ತು! ತಂತಿಗಳನ್ನು ಪ್ಲಗ್ಗಿಗೆ ಹಾಕುವಾಗಲೇ ಅದಲುಬದಲಾಗಿದೆ. ಕಾರ್ಡ್ ಬೋರ್ಡ್ ಓಡುವುದು 5 ವೋಲ್ಟಿನಲ್ಲಿ. ಹಾಗೇ ಚುಚ್ಚಿದ್ದರೆ ಅದಂತೂ ಅಲ್ಲೇ ಸುಟ್ಟು ಹೋಗುತ್ತಿತ್ತು. 40 ಪಿನ್ನಿನ ಕೇಬಲ್ ಹಿಡಿದುಕೊಂಡು 573ಕ್ಕೂ ಏನಾಗುತ್ತಿತ್ತೋ. ಕೇಬಲ್ ಕಸದ ಬುಟ್ಟಿಗೆ ಎಸೆದು ನನ್ನದೇ ಒಂದನ್ನು ಹಾಕಿದೆ.

ಆನ್ ಮಾಡಿದೆ. 573 ಏಳುವಾಗ ತನ್ನ ಚಿಪ್ಪುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ಪರದೆಯ ಮೇಲೆ ಪಟ್ಟಿ ತೋರಿಸುತ್ತದೆ. ಎಲ್ಲದರ ಮುಂದೆ ಓಕೆ ಬಂತು. ಸಿಡಿಆರ್, ಅಂದರೆ ಸಿಡಿ ಡ್ರೈವ್, ಅದರ ಮುಂದೆ ಮಾತ್ರ ಬ್ಯಾಡ್. ಡ್ರೈವ್ ಮಾಸ್ಟರೋ ಸ್ಲೇವೋ ಅಂತ ಹೇಳುವ ಪುಟ್ಟ ಜಂಪರ್ ಬದಲಿಸಿದೆ, ಕೇಬಲ್ಲಿನ ಕೆಂಪು ಅಂಚು ಒಂದನೇ ಪಿನ್ ಕಡೆಗೇ ಇದೆಯಾ ನೋಡಿದೆ. ಇಲ್ಲ, ಅದೇ ಬ್ಯಾಡ್.

ಬೆಂಗಳೂರಿನಲ್ಲಿ ನನ್ನ ಕಾಲೇಜು ಗೆಳೆಯನೊಬ್ಬನಿದ್ದಾನೆ, ಇದೇ ಕಸುಬು. ಫೋಟೊ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಮಾಡಿದ.

"ಲೋ ಮಗಾ, ಇದು ಸಿಡಿ ಎಮ್ಯುಲೇಟರ್ ಅಲ್ಲ ಕಣೋ. ಇದು ಹಾರ್ಡ್ ಡಿಸ್ಕ್ ಬದಲಿಗೆ ಹಾಕೋದು. ಸಾವಿರ ರೂಪಾಯಿಯೂ ಬಾಳಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಬೀಳುವ ಹಳ್ಳ ಇದೇ. ಸಿಡಿ ಎಮ್ಯುಲೇಟರ್ ಅಂದರೆ ಸಿಡಿ ಡ್ರೈವಿನ ವೇಷ ಹಾಕಿ ನಟಿಸುವ ಬೋರ್ಡ್. ಹಾರ್ಡ್ ಡಿಸ್ಕಿಗೂ ಸಿಡಿ ಡ್ರೈವಿಗೂ ಕನೆಕ್ಟರ್ ಒಂದೇ, ಭಾಷೆ ಬೇರೆ. ಹಾರ್ಡ್ ಡಿಸ್ಕ್ ಮಾತಾಡುವುದು ಎಟಿಎ. ಸಿಡಿ ಡ್ರೈವ್ ಮಾತಾಡುವುದು ಅಟಾಪಿ. 'ಡಿಸ್ಕಿನಲ್ಲಿ ಎಷ್ಟು ಟ್ರ್ಯಾಕ್ ಇದೆ', 'ಮೂರನೇ ಹಾಡು ಶುರು ಮಾಡು', 'ನಿಲ್ಲಿಸು' ಅನ್ನುವಂಥ ಆಜ್ಞೆಗಳೆಲ್ಲ ಅಟಾಪಿಯಲ್ಲಿ ಪೊಟ್ಟಣ ಕಟ್ಟಿದ ಹಾಗೆ ಬರುತ್ತವೆ. ಅಂಗಡಿಯಲ್ಲಿ ಸಿಗುವ, ಎಸ್‌ಡಿ ಕಾರ್ಡನ್ನು ಈ 40 ಪಿನ್ನಿಗೆ ಕೂಡಿಸುವ ಅಗ್ಗದ ಎಸ್‌ಡಿ-ಐಡಿಇ ಅಡಾಪ್ಟರಿಗೆ ಆ ಭಾಷೆಯ ಗಂಧಗಾಳಿಯೂ ಇರುವುದಿಲ್ಲ. ಚುಚ್ಚಿದರೆ ಕುಳಿತುಕೊಳ್ಳುತ್ತದೆ, ಲೈಟೂ ಉರಿಯುತ್ತದೆ. ಅಷ್ಟೇ.

ಜಗಳ ಮಾಡಿದೆ. ಮಾರಾಟಗಾರ ವಿನಯದಲ್ಲಿ ಏನೂ ಕಡಿಮೆ ಇಲ್ಲ. ತಪ್ಪಾಗಿ ಬೇರೆ ಬೋರ್ಡ್ ಬಂದಿದೆ ಅಂದ, 5,000 ಯೆನ್ ಸೇರಿಸಿದರೆ 'ನಿಜವಾದದ್ದು' ಕಳಿಸುತ್ತೇನೆ ಅಂದ. ಸೇರಿಸಿದೆ. ಯಾಕೆಂದರೆ ಆ ಭಾನುವಾರ ನಮ್ಮ ಕಡೆಯ ಏಳೆಂಟು ಮನೆಯವರು ಮಕ್ಕಳನ್ನು ಕರೆದುಕೊಂಡು ಗೋದಾಮಿಗೆ ಬರುವವರಿದ್ದರು. ಯುಗಾದಿ ಮುಗಿದ ವಾರ. ಒಬ್ಬಟ್ಟಿನ ಡಬ್ಬಿಗಳೂ ಬರುವುದಿತ್ತು.

ಎರಡನೇ ಬೋರ್ಡ್ ಶನಿವಾರ ಸಂಜೆ ಕೈಗೆ ಬಂತು. ಹಾಕಿದೆ. ಸಿಡಿಆರ್ ಓಕೆ! ಆಟ ಎದ್ದಿತು, ಬಟನ್ ಒತ್ತಿದರೆ ಟಿಕ್ ಟಿಕ್ ಸದ್ದು ಬಂತು, ಉದ್ಘೋಷಕ ಕೂಗಿದ. ಸದ್ಯ ಬದುಕಿದೆ ಅಂದುಕೊಂಡು ಕೊನೆಯ ರೈಲು ಹಿಡಿದೆ. ಒಂದೇ ಒಂದು ಹಾಡು ಪೂರ್ತಿ ಆಡಿ ನೋಡಲಿಲ್ಲ. ಇದು ಪೂರಾ ನನ್ನದೇ ತಪ್ಪು.

ಭಾನುವಾರ ಇಬ್ಬರು ಮಕ್ಕಳು ಶೂ ಬಿಗಿದುಕೊಂಡು ವೇದಿಕೆ ಹತ್ತಿದರು. ಹಾಡು ಆರಿಸಿದರು. ಪರದೆಯಲ್ಲಿ ಬಾಣಗಳು ಮೇಲೇರತೊಡಗಿದವು. ಹಾಡು ಮಾತ್ರ ಇಲ್ಲ. ಪೂರ್ತಿ ಮೌನ. ನಡುನಡುವೆ ಉದ್ಘೋಷಕ ಒಬ್ಬನೇ ಹುಮ್ಮಸ್ಸಿನಲ್ಲಿ ಕಿರುಚುತ್ತಾನೆ. ಸುತ್ತ ನಿಂತ ಹದಿನೈದಿಪ್ಪತ್ತು ಜನ ನನ್ನ ಮುಖ ನೋಡುತ್ತಿದ್ದಾರೆ. ಮಗನನ್ನು ನೋಡಲು ಊರಿನಿಂದ ಬಂದಿದ್ದ ಹಿರಿಯರೊಬ್ಬರು ಎರಡು ನಿಮಿಷ ಸುಮ್ಮನೆ ನೋಡಿ, "ಇರಲಿ ಬಿಡಪ್ಪಾ, ನಾನು ತಾಳ ಹಾಕ್ತೀನಿ, ಮಕ್ಕಳು ಕುಣಿಯಲಿ" ಅಂತ ಕೈ ತಟ್ಟಲು ಶುರು ಮಾಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬಟ್ಟಿನ ಕಡೆ ಓಡಿದರು.

ಹಾಡು ಯಾಕಿಲ್ಲ ಅನ್ನುವುದಕ್ಕೆ ಸುಳಿವು ಕಣ್ಣೆದುರೇ ಇತ್ತು. ಬಟನ್ ಸದ್ದು, ಉದ್ಘೋಷಕನ ದನಿ ಬರುವುದು ಬೋರ್ಡಿನ ಸ್ವಂತ ಸೌಂಡ್ ಚಿಪ್ಪಿನಿಂದ. ಆ ಕಾಲದ ಡಾನ್ಸ್ ಆಟಗಳಲ್ಲಿ ಹಾಡುಗಳು ಇರುವುದು ಡಿಸ್ಕಿನ ಮೇಲೆ, ಮಾಮೂಲಿ ಆಡಿಯೊ ಸಿಡಿಯಲ್ಲಿ ಇರುವಂತೆಯೇ ಟ್ರ್ಯಾಕ್‌ಗಳಾಗಿ. ಡ್ರೈವ್ ಅವನ್ನು ತಾನೇ ನುಡಿಸುತ್ತದೆ. ಹಿಂದುಗಡೆ ಇರುವ ನಾಲ್ಕು ಪಿನ್ನಿನ ಸಣ್ಣ ಆಡಿಯೊ ಕೇಬಲ್ಲಿನಲ್ಲಿ ಆ ದನಿ ಬೋರ್ಡಿಗೆ ಹೋಗುತ್ತದೆ. ಎಡ, ಗ್ರೌಂಡ್, ಗ್ರೌಂಡ್, ಬಲ. ಅಂದರೆ ಅದು ಬರೀ ಡ್ರೈವ್ ಅಲ್ಲ, ಸಿಡಿ ಪ್ಲೇಯರ್ ಕೂಡ ಹೌದು. ನನಗೆ ಬಂದ ಎರಡನೇ ಬೋರ್ಡಿನಲ್ಲಿ ಆ ಆಡಿಯೊ ಪಿನ್ನುಗಳೇ ಇರಲಿಲ್ಲ. ಸಡಿಲವಾಗಿ ನೇತಾಡುತ್ತಿದ್ದ ಆ ಕೇಬಲ್ ನೋಡಿಯೂ, ಇದೇನೋ ಬೇಡದ್ದು ಅಂತ ಟೇಪ್ ಸುತ್ತಿ ಬದಿಗಿಟ್ಟಿದ್ದೆ!

ಮುಂದಿನ ಆಟಗಳಲ್ಲಿ, ಥರ್ಡ್ ಮಿಕ್ಸ್‌ನಿಂದ ಈಚೆಗೆ, ಬೇರೆ ಡಿಜಿಟಲ್ ಬೋರ್ಡ್ ಬಂದು ಎಂಪಿ3 ಹಾಡುಗಳಾದವು. ಅವುಗಳಿಗೆ ಈ ಕೇಬಲ್ಲಿನ ತಾಪತ್ರಯವಿಲ್ಲ. ಒಂದೇ 573, ಎರಡು ಬಗೆ. ನಿಮ್ಮದು ಯಾವುದು ಅಂತ ಪೆಟ್ಟಿಗೆ ಬಿಚ್ಚಿ ನೋಡಿಕೊಂಡೇ ದುಡ್ಡು ಕೊಡಿ.

ನನಗೆ ಇದೆಲ್ಲ ಗೊತ್ತಾದದ್ದು ಆಮೇಲೆ. ಅದಕ್ಕೂ ಮೊದಲು ಇನ್ನೊಂದು ಅನಾಹುತ ಆಯಿತು. ಹಾಡಿಲ್ಲ ಅಂತ ಮಾರಾಟಗಾರನಿಗೆ ಬರೆದರೆ, ಆಟವನ್ನು ಕಾರ್ಡಿನಿಂದ ಮತ್ತೆ ಇನ್‌ಸ್ಟಾಲ್ ಮಾಡಿ, ಸರಿಹೋಗುತ್ತದೆ ಅಂದ. ಬೋರ್ಡಿನ ಮೇಲೆ ಒಂದು ಡಿಪ್ ಸ್ವಿಚ್ ಇದೆ. ಫ್ಲ್ಯಾಶ್‌ನಿಂದ ಏಳಬೇಕೋ ಡಿಸ್ಕಿನಿಂದ ಏಳಬೇಕೋ ಅಂತ ಹೇಳುವುದು ಅದೇ. ಬದಲಿಸಿದೆ. ಯಂತ್ರ ಮೊದಲು ಫ್ಲ್ಯಾಶ್ ಅಳಿಸಿತು, ಆಮೇಲೆ ಬರೆಯತೊಡಗಿತು, ಅರ್ಧಕ್ಕೆ ನಿಂತಿತು. ಕಾರ್ಡ್ ಓದಲಾಗುತ್ತಿಲ್ಲ. ಹಾಡಿಲ್ಲದಿದ್ದರೂ ಏಳುತ್ತಿದ್ದ ಯಂತ್ರ ಈಗ ಏಳುವುದೇ ಇಲ್ಲ. ಅಸಲಿ ಡಿಸ್ಕ್ ಕೈಯಲ್ಲಿದೆ, ಅದನ್ನು ಓದಲು 573 ಒಪ್ಪುವ ಡ್ರೈವ್ ಇಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಹೆಂಡತಿ, "ರೀ, ಅದು ಯಂತ್ರ, ಮನುಷ್ಯ ಅಲ್ಲ" ಅಂದಳು. ನಾಲ್ಕು ಜನರ ದುಡ್ಡು ಅಂತ ಅವಳಿಗೆ ಹೇಗೆ ಹೇಳಲಿ?

ಮರುದಿನ ಆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಎಫ್3 ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಪರೀಕ್ಷಿಸಿದೆ. ವಿಂಡೋಸಿನಲ್ಲಾದರೆ ಎಚ್2ಟೆಸ್ಟ್‌ಡಬ್ಲ್ಯೂ ಇದೆ. 64 ಜಿಬಿ ಅಂತ ಸುಳ್ಳು ಹೇಳುವ ಕಾರ್ಡಿನಲ್ಲಿ ನಿಜಕ್ಕೂ ಇದ್ದದ್ದು 8 ಜಿಬಿಗೂ ಕಡಿಮೆ. ಅದನ್ನು ಮೀರಿ ಬರೆದದ್ದೆಲ್ಲ ಗಾಳಿಗೆ ತೂರಿದ ಹಾಗೆ.

ಹೊಸ ಕಾರ್ಡ್ ತಂದೆ. ಕಂಪ್ಯೂಟರಿನಲ್ಲಿ ನನ್ನದೇ ಡಿಸ್ಕಿನಿಂದ ಇಮೇಜ್, ಅಂದರೆ ಪಡಿಯಚ್ಚು, ತೆಗೆದೆ. ಅಲ್ಲೂ ಎಡವಟ್ಟು. ಐಎಸ್‌ಒ ಅಂತ ಆರಿಸಿದ್ದೆ. ಐಎಸ್‌ಒ ಫೈಲಿನಲ್ಲಿ ಬರುವುದು ಡೇಟಾ ಟ್ರ್ಯಾಕ್ ಒಂದೇ, ಆಡಿಯೊ ಟ್ರ್ಯಾಕ್‌ಗಳು ಬರುವುದೇ ಇಲ್ಲ. ಇಂಥ ಡಿಸ್ಕಿಗೆ ಬಿನ್ ಮತ್ತು ಕ್ಯೂ ಎರಡೂ ಬೇಕು. ಬಿನ್‌ನಲ್ಲಿ ಪ್ರತಿ ಸೆಕ್ಟರಿನ ಪೂರ್ತಿ 2352 ಬೈಟ್ ಇರುತ್ತದೆ, ಕ್ಯೂನಲ್ಲಿ ಯಾವ ಹಾಡು ಎಲ್ಲಿ ಶುರು ಅನ್ನುವ ಲೆಕ್ಕ. ಡೇಟಾ ಮುಗಿದು ಹಾಡು ಶುರುವಾಗುವ ನಡುವೆ ಎರಡು ಸೆಕೆಂಡಿನ ಖಾಲಿ ಜಾಗ ಇರುತ್ತದೆ. ಕ್ಯೂ ಫೈಲಿನಲ್ಲಿ ಆ ಲೆಕ್ಕ ತಪ್ಪಿದರೆ ಹಾಡು ಒಂದು ಕಡೆ, ಬಾಣ ಇನ್ನೊಂದು ಕಡೆ. ನಿಮಿಷಕ್ಕೆ 150 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ಇರುವುದೇ 0.4 ಸೆಕೆಂಡ್. ಎರಡು ಸೆಕೆಂಡ್ ಅಂದರೆ ಐದು ಬಡಿತ ಆಚೆ.

ಹೊಸ ಕಾರ್ಡಿನಿಂದ ಆಟ ಮತ್ತೆ ಇನ್‌ಸ್ಟಾಲ್ ಆಯಿತು. ಹಾಡಂತೂ ಇಲ್ಲ, ಪಿನ್ನೇ ಇಲ್ಲವಲ್ಲ. ಕೊನೆಗೆ ಕೈ ಹಿಡಿದದ್ದು ಹಾರ್ಡ್ ಆಫ್ ಅನ್ನುವ ಹಳೆ ಸಾಮಾನಿನ ಅಂಗಡಿಯ ಜಂಕ್ ಬುಟ್ಟಿ. ಒಂದು ಶನಿವಾರ ಮೂರು ಶಾಖೆ ಸುತ್ತಿದೆ. ಮೂರನೆಯದರಲ್ಲಿ ಹಳದಿಗಟ್ಟಿದ ಬಿಡಿ ಡ್ರೈವ್‌ಗಳ ರಾಶಿಯ ತಳದಲ್ಲಿ ಒಂದು ಸಿಆರ್-589 ಕಂಡಿತು. ತೆರಿಗೆ ಸೇರಿ 550 ಯೆನ್. ಲೆನ್ಸ್ ಒರೆಸಿ, ಗ್ರೀಸ್ ಹಾಕಿ, ಜಂಪರ್ ಮಾಸ್ಟರಿಗೆ ಇಟ್ಟು, ಟೇಪ್ ಸುತ್ತಿದ್ದ ಆಡಿಯೊ ಕೇಬಲ್ ಬಿಚ್ಚಿ ಚುಚ್ಚಿದೆ. ಹಾಡು ಬಂತು.

ಕಿಟ್‌ಗೆ 15,000, ಮೇಲೆ 5,000, ಪಾರ್ಸೆಲ್ ಬೇರೆ. ಒಂದು ಯೆನ್ನೂ ವಾಪಸ್ ಬಂದಿಲ್ಲ. ಹಾಕಿದ ಮೇಲೆ ವಾಪಸ್ ತಗೊಳ್ಳುವುದಿಲ್ಲ ಅನ್ನುವುದು ಅವನ ನಿಯಮವಂತೆ. ಹಾಕದೆ ಕೆಟ್ಟಿದೆ ಅಂತ ಹೇಗೆ ಗೊತ್ತಾಗಬೇಕೋ!

ಎಮ್ಯುಲೇಟರ್ ಅಂದರೆ ಎಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಅಟಾಪಿ ಬಲ್ಲ, ಆಡಿಯೊ ಪಿನ್ ಇರುವ ಬೋರ್ಡುಗಳೂ ಇವೆ. ಅಂಥದ್ದೊಂದನ್ನು ನಮ್ಮ ಜಪಾನಿ ಗೆಳೆಯ ತರಿಸಿದ್ದಾನೆ. ಈ ಸಲ ಕೊಳ್ಳುವ ಮೊದಲೇ ಆಡಿಯೊ ಕನೆಕ್ಟರಿನ ಫೋಟೊ ಕೇಳಿದೆವು, 573ರಲ್ಲಿ ಸೆಕೆಂಡ್ ಮಿಕ್ಸ್‌ನ ಹಾಡೊಂದು ಪೂರ್ತಿ ಓಡುವ ವಿಡಿಯೊ ಕೇಳಿದೆವು. ಎರಡೂ ಬಂದವು. ಹೋದ ವಾರ ಹಾಕಿ ನೋಡಿದೆವು, ಹಾಡು ಬರುತ್ತಿದೆ. ಎಡದ ಸ್ಪೀಕರಿನದು ಬಲಕ್ಕೆ, ಬಲದ್ದು ಎಡಕ್ಕೆ ಬರುತ್ತಿದೆ, ಕೇಬಲ್ ನಾನು ಮಾಡಿದ್ದು. ಮುಂದಿನ ಶನಿವಾರ ಹೋಗಿ ಆ ಎರಡು ತಂತಿ ಬದಲಿಸಬೇಕು. 550 ಯೆನ್ನಿನ ಡ್ರೈವ್ ಡಬ್ಬಿಯಲ್ಲಿ ಭದ್ರವಾಗಿದೆ. ಈ ಸಲ ಚುಕ್ಕಿ ಮಗಳೇ ಇಟ್ಟಿದ್ದಾಳೆ, ಗುಲಾಬಿ ಬಣ್ಣದ್ದು.