ಸಿಗರೇಟು ಬಿಡಿಸಲು: ಚೀಟಿ ಕೊಡೋದಾ, ನಾವೇ ನಂಬರ್ ಕಳಿಸೋದಾ?

ಮುಂಬೈ ಸುತ್ತಲಿನ ಡೊಂಬಿವಲಿ, ಚೆಂಬೂರು ಕಡೆಯ ನಮ್ಮ ಫ್ಯಾಮಿಲಿ ಡಾಕ್ಟರುಗಳ ಮುಂದೆ ಎರಡು ದಾರಿಗಳಿವೆ. ಬೀಡಿ, ಸಿಗರೇಟು ಬಿಡಬೇಕೆನ್ನುವವರಿಗೆ ತಂಬಾಕು ಬಿಡಲು ಫೋನಿನಲ್ಲೇ ನೆರವಾಗುವ ಸೇವೆಯಾದ ರಾಷ್ಟ್ರೀಯ ಕ್ವಿಟ್‌ಲೈನ್ ನಂಬರನ್ನು (1800-11-2356) ಚೀಟಿಯಲ್ಲಿ ಬರೆದುಕೊಡುವುದು ಒಂದು. ಅವರ ಒಪ್ಪಿಗೆ ಪಡೆದು ಫೋನ್ ನಂಬರನ್ನು ಕಂಪ್ಯೂಟರಿನಿಂದಲೇ ಸೇವೆಗೆ ಕಳಿಸುವುದು ಇನ್ನೊಂದು. ಆಗ ಕರೆ ಅಲ್ಲಿಂದಲೇ ಬರುತ್ತದೆ.

ಚೀಟಿಗೆ ಖರ್ಚಿಲ್ಲ, ಇವತ್ತೇ ಶುರು ಮಾಡಬಹುದು. ಆದರೆ ಲೋಕಲ್ ಪಾಸಿನ ಜೊತೆ ಜೇಬು ಸೇರಿದ ಚೀಟಿ ಅಲ್ಲೇ ಉಳಿದುಬಿಡುತ್ತದೆ. ತಾನಾಗಿ ಫೋನ್ ಮಾಡಲು ಧೈರ್ಯ ಬೇಕಲ್ವಾ?

ಅಮೆರಿಕದ ಹ್ಯೂಸ್ಟನ್‌ನ ಕ್ಲಿನಿಕ್‌ಗಳಲ್ಲಿ ಎರಡನ್ನೂ ಹೋಲಿಸಿ ನೋಡಿದ್ದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನಂಬರಿನ ಕಾರ್ಡ್ ಕೊಟ್ಟ ಕಡೆ ಸೇದುವವರಲ್ಲಿ ಶೇ 0.6 ಮಂದಿ ಸೇವೆಗೆ ಸೇರಿದರು, ನೇರವಾಗಿ ಕಳಿಸಿದ ಕಡೆ ಶೇ 7.8. ಅಲ್ಲಿ 48 ಗಂಟೆಯೊಳಗೆ ಕರೆ ಹೋಗುತ್ತಿತ್ತು. ಇದು ಸೇರಿದವರ ಲೆಕ್ಕ, ಬಿಟ್ಟವರದ್ದಲ್ಲ. ಆದರೂ ಇಷ್ಟು ಅಂತರ ಸಣ್ಣದಲ್ಲ.

ವ್ಯವಸ್ಥೆ ಇದ್ದರೆ ನನ್ನ ಆಯ್ಕೆ ಎರಡನೆಯದೇ. ಫಾರಂ ಮಾತ್ರ ಉದ್ದ ಬೇಡ. ಹೆಸರು, ನಂಬರ್, ಭಾಷೆ, ಕರೆಗೆ ಅನುಕೂಲದ ಹೊತ್ತು ಸಾಕು. ಹೋಟೆಲ್ ಕೆಲಸದವರು ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ ಫೋನ್ ಎತ್ತುವುದಿಲ್ಲ. ವ್ಯವಸ್ಥೆ ಇಲ್ಲವೇ? ಸುಮ್ನೆ ಚೀಟಿ ಕೊಟ್ಟು ಕಳಿಸಬೇಡಿ, ಕ್ಲಿನಿಕ್ಕಿನಲ್ಲೇ ಕೂರಿಸಿ ಮೊದಲ ಕರೆ ಮಾಡಿಸಿ.